ಹದಿನೇಳನೇ ನಂಬರಿನ ಬೀಗ

ಅವಳಿಗೆ ಒಂದು ಹೆಸರು ಅಂತ ಇತ್ತು, ಆದರೆ ಊರಲ್ಲಿ ಯಾರೂ ಅದನ್ನು ಕರೆದು ಸವೆಸಿರಲಿಲ್ಲ. ಎಲ್ಲರಿಗೂ ಅವಳು ಬೀಗದಕ್ಕ. ಬಸ್ ನಿಲ್ದಾಣದ ಪಕ್ಕ ಒಂದು ಮೇಜು, ಮೇಜಿನ ಮೇಲೆ ನಾಲ್ಕಾರು ಅರಗಳು, ಹಲ್ಲು ಕೊರೆಯದ ಕೀಲಿಗಳ ಗೊಂಚಲು. ಇಷ್ಟೇ ಅವಳ ಅಂಗಡಿ. ಕಸುಬು ಅಪ್ಪನಿಂದ ಬಂದದ್ದು. ಎಂಥ ಮೊಂಡು ಬೀಗವಿದ್ದರೂ ತಂತಿ ತೂರಿಸಿ, ಕಿವಿಗೊಟ್ಟು, ಎರಡು ನಿಮಿಷದಲ್ಲಿ ತೆಗೆಯುತ್ತಿದ್ದಳು. ಆದರೆ ಅಪ್ಪ ಹೇಳಿಕೊಟ್ಟ ಒಂದು ಕಟ್ಟಳೆ ಮಾತ್ರ ಮುರಿಯುತ್ತಿರಲಿಲ್ಲ: ಯಾರ ಬೀಗವೋ ಅವರೇ ಹೇಳಬೇಕು. ಒಮ್ಮೆ ಒಬ್ಬ ಗಂಡ ತನ್ನ ಹೆಂಡತಿಯ ಪೆಟ್ಟಿಗೆ ಹೊತ್ತು ತಂದಾಗ, "ಪೆಟ್ಟಿಗೆ ಜೊತೆ ಅವರನ್ನೂ ಕರ್ಕೊಂಡ್ ಬನ್ನಿ, ಇಬ್ಬರ ಮುಂದೇನೇ ತೆಗೆದುಕೊಡ್ತೀನಿ" ಎಂದು ಕಳಿಸಿದ್ದಳು. ಆತ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಇಂಥವಳ ಸ್ವಂತ ಸಂಸಾರ ನಡೆಯುತ್ತಿದ್ದದ್ದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಗಂಡ ಹೋದ ಮೇಲೆ ಉಳಿದವರು ಅವಳು ಮತ್ತು ಅವಳ ಅತ್ತೆ. ಮಲಗುವ ಕೋಣೆಯ ಗೋಡೆಯಲ್ಲಿ ಇನ್ನೊಂದು ಬಾಗಿಲಿತ್ತು, ಅದಕ್ಕೊಂದು ದಪ್ಪ ಹಿತ್ತಾಳೆ ಬೀಗ. ಅದರಾಚೆಗಿನ ಭಾಗ ಬಾಡಿಗೆಗೆ ಸೇರಿರಲಿಲ್ಲ. ಅದರ ಕೀಲಿ ಕಳೆದುಹೋಗಿದೆ, ಬಂದು ನೋಡುತ್ತೇನೆ ಎಂದು ಮಾಲೀಕ ಹತ್ತೊಂಬತ್ತು ವರ್ಷದಿಂದ ಹೇಳುತ್ತಲೇ ಇದ್ದ.

ಈಚೆಗೆ ಮೂರು ನಾಲ್ಕು ವರ್ಷದಿಂದ ನಗರದವರು ಊರಿಗೆ ಬಂದು ನೆಲೆಸತೊಡಗಿದ್ದರು. ಅಲ್ಲಿ ಒಂದು ಗೂಡಿಗೆ ಕೊಡುವ ದುಡ್ಡಿಗೆ ಇಲ್ಲಿ ಅಂಗಳವಿರುವ ಮನೆ ಸಿಗುತ್ತದಲ್ಲ! ಮನೆ ಕೊಂಡವರು ಮೊದಲು ಮಾಡುವ ಕೆಲಸವೇ ಬೀಗ ಬದಲಾಯಿಸುವುದು. ಬೀಗದಕ್ಕನಿಗೆ ಕೈತುಂಬ ಕೆಲಸ. ಆದರೆ ಬಾಡಿಗೆ ಗಗನಕ್ಕೇರಿ, ದರ್ಜಿಯ ಮನೆಯವರು, ಕ್ಷೌರಿಕನ ಮನೆಯವರು, ಡ್ರೈವರನ ಮನೆಯವರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಬಿಚ್ಚಿದ ಹಳೆ ಬೀಗವನ್ನು ಎಸೆಯಲು ಅವಳಿಗೆ ಮನಸ್ಸು ಬರಲಿಲ್ಲ. ಎಲ್ಲವೂ ಮಂಚದ ಕೆಳಗಿನ ತಗಡಿನ ಟ್ರಂಕಿಗೆ ಬಂದವು.

"ಇದೇನೇ, ಗುಜರಿ ಅಂಗಡಿ ಇಡ್ತೀಯಾ?" ಎಂದು ಅತ್ತೆ ಕೇಳುತ್ತಿದ್ದರು.

"ಗುಜರಿ ಅಲ್ಲ ಅತ್ತೆ. ಇದು ದರ್ಜಿ ಮನೆ, ಇದು ಡ್ರೈವರ್ ಮನೆ."

ಅವಳಿಗೆ ಮನೆಗಳು ಗೊತ್ತಿದ್ದದ್ದು ಹಾಗೆಯೇ, ಬೀಗದಿಂದ. ಹೋದ ತಿಂಗಳು ಪುರಸಭೆಯವರು ಬಾಗಿಲು ಬಾಗಿಲಿಗೆ ನಂಬರಿನ ತಗಡು ಹೊಡೆದು ಹೋಗಿದ್ದರು. ಅವಳು ಒಂದನ್ನೂ ಕಣ್ಣೆತ್ತಿ ನೋಡಿರಲಿಲ್ಲ.

ಒಂದು ಬೆಳಿಗ್ಗೆ ಫೋನು ಬಂತು. ಹೆಂಗಸಿನ ದನಿ. "ಹೊಸದಾಗಿ ಮನೆ ತಗೊಂಡಿದ್ದೀನಿ. ಹಿಟ್ಟಿನ ಗಿರಣಿ ಬೀದಿ, ಹದಿನೇಳನೇ ನಂಬರ್. ಬೀಗ ಬದಲಾಯಿಸಬೇಕಿತ್ತು."

"ನಮ್ಮ ಬೀದೀನೇ! ಬಂದೇ ಮೇಡಂ" ಎಂದಳು ಬೀಗದಕ್ಕ. ಚೀಲಕ್ಕೆ ಒಳ್ಳೆಯದೊಂದು ಹೊಸ ಬೀಗ ಹಾಕಿಕೊಂಡು ಹೊರಟವಳಿಗೆ, ನಮ್ಮ ಬೀದಿಯಲ್ಲಿ ಈ ಸಲ ಯಾರ ಸರದಿಯಪ್ಪಾ ಎಂದು ಸಂಕಟವೂ ಆಯಿತು. ಹದಿನಾಲ್ಕು, ಹದಿನೈದು, ಹದಿನಾರು ಎಂದು ತಗಡು ಓದುತ್ತಾ ಬಂದಳು. ಆಮೇಲೆ ಅತ್ತೆ ಒಣಹಾಕಿದ್ದ ಟವೆಲ್ಲು. ಟವೆಲ್ಲಿನ ಅಂಚಿನಿಂದ ಹದಿನೇಳು ಇಣುಕುತ್ತಿತ್ತು. ಕೆಳಗೆ ಕನ್ನಡಕದ ಸಣಕಲು ಹೆಂಗಸೊಬ್ಬಳು ಸೂಟ್‌ಕೇಸಿನ ಮೇಲೆ ಕೂತಿದ್ದಳು.

"ಬೀಗದವರಾ? ಒಳಗೆ ಯಾರೋ ಇರೋ ಹಾಗಿದೆ, ಕೆಮ್ಮು ಕೇಳಿಸ್ತಿದೆ."

"ಅದು ನಮ್ಮತ್ತೆ" ಎಂದಳು ಬೀಗದಕ್ಕ.

ಮಾಲೀಕನಿಗೆ ಫೋನು ಹೋಯಿತು. "ಹೇಳೋಣ ಅಂತಾನೇ ಇದ್ದೆ ಅಕ್ಕಾ..." ಎಂದು ಅವನು ರಾಗ ಎಳೆದ. ಬಂದವಳಿಗೆ ಮಾತ್ರ, ಬಾಡಿಗೆಯವರು ಖಾಲಿ ಮಾಡಿಯಾಯಿತು ಎಂದು ಹೇಳಿದ್ದನಂತೆ. ಇಂಥ ಗಂಡಸರ ನಾಲಿಗೆಗೂ ಒಂದು ಬೀಗ ಮಾಡಬೇಕಿತ್ತು, ಅದನ್ನು ಮಾತ್ರ ಅಪ್ಪ ಕಲಿಸಿರಲಿಲ್ಲ.

"ಯಾರೇ ಅದು?" ಒಳಗಿನಿಂದ ಅತ್ತೆ ಕೂಗಿದರು.

"ನಮ್ಮನೆ ಬೀಗ ಬದಲಾಯಿಸೋಕೆ ನನ್ನನ್ನೇ ಕರೆಸಿದ್ದಾರೆ ಅತ್ತೆ!"

"ಹಾಗಾದ್ರೆ ಮುಂಗಡ ಇಸ್ಕೋ!"

ಬಂದವಳಿಗೆ ನಗು ತಡೆಯಲಾಗಲಿಲ್ಲ, ನಕ್ಕಿದ್ದಕ್ಕೆ ನಾಚಿಕೆಯೂ ಆಯಿತು. ಅವಳದು ಅಚ್ಚಿಗೆ ಹೋಗುವ ಪುಸ್ತಕಗಳ ತಪ್ಪು ತಿದ್ದುವ ಕೆಲಸ. "ಆರು ವರ್ಷದಲ್ಲಿ ನಾಲ್ಕು ಮನೆ ಬಿಡಿಸಿದ್ರು ನನ್ನನ್ನ. ನಂದೇ ಒಂದು ಬಾಗಿಲು ಇರ್ಲಿ ಅಂತ ಬರೀ ಫೋಟೋ ನೋಡಿ ಇದ್ದಬದ್ದದ್ದೆಲ್ಲಾ ಸುರಿದೆ. ಊರವರ ತಪ್ಪೆಲ್ಲಾ ಹುಡುಕ್ತೀನಿ, ಇಷ್ಟು ದೊಡ್ಡದು ಕಣ್ಣಿಗೆ ಬೀಳಲಿಲ್ಲ ನೋಡಿ" ಎಂದಳು.

ಬೀಗದಕ್ಕನಿಗೆ ಸಿಟ್ಟು ಮಾಡೋಣವೆಂದರೆ ಆಗಲಿಲ್ಲ, ಅಳು ಬಂತು. ಕಣ್ಣೊರೆಸಿಕೊಂಡು, ಬಂದವಳನ್ನು ಒಳಗೆ ಕರೆದು ಮನೆ ತೋರಿಸಿದಳು. ಹೇಗೂ ಮನೆ ಅವಳದೇ ಆಗಿತ್ತು. ಬಂದವಳು ಹಿತ್ತಾಳೆ ಬೀಗದ ಮುಂದೆ ನಿಂತಳು.

"ಇದರಾಚೆ?"

"ಗೊತ್ತಿಲ್ಲ. ನಾವು ಬಂದು ಹತ್ತೊಂಬತ್ತು ವರ್ಷ, ಆಗಿಂದ ಹೀಗೇ ಇದೆ. ಅದು ನಮ್ಮ ಬಾಡಿಗೆಗೆ ಸೇರಿದ್ದಲ್ಲ."

"ತೆಗೀಬಹುದಾ?"

"ನೀವು ಹೇಳಿದ್ರೆ ತೆಗೀತೀನಿ. ಈಗ ನೀವೇ ಮಾಲೀಕರು."

ತಂತಿ ತೂರಿಸಿ ಕಿವಿಗೊಟ್ಟಳು. ಎರಡು ನಿಮಿಷವೂ ಹಿಡಿಯಲಿಲ್ಲ. ಒಳಗೆ ಮೊಣಕಾಲುದ್ದ ಧೂಳು ಎಂದುಕೊಂಡಿದ್ದರೆ, ಇದ್ದದ್ದು ಎರಡು ಗಟ್ಟಿಮುಟ್ಟಾದ ಕೋಣೆ, ಒಲೆಕಟ್ಟೆ, ಹಿಂದಿನ ಓಣಿಗೆ ತೆರೆಯುವ ಬಾಗಿಲು, ಬೆಳಕು ಸುರಿಯುವ ಕಿಟಕಿ. ಬಂದವಳು ಅದನ್ನೆಲ್ಲ ಬಿಟ್ಟು ಬೀಗದಕ್ಕನ ಮುಖವನ್ನೇ ನೋಡುತ್ತಿದ್ದಳು.

"ಹತ್ತೊಂಬತ್ತು ವರ್ಷ ಇದರ ಪಕ್ಕದಲ್ಲೇ ಮಲಗಿ, ಒಂದ್ಸಲಾನೂ ತೆಗೆದು ನೋಡ್ಲಿಲ್ವಾ ನೀವು?"

"ಯಾರೂ ಹೇಳ್ಲಿಲ್ಲವಲ್ಲ ಮೇಡಂ."

ಬಂದವಳು ಕಿಟಕಿಯ ಕಟ್ಟೆಯ ಮೇಲೆ, ಧೂಳು ಲೆಕ್ಕಿಸದೆ, ಕೂತುಬಿಟ್ಟಳು. "ನಾನೊಬ್ಬಳೇ. ಒಂದು ಮಂಚ, ಒಂದು ಮೇಜು. ಇದೇ ನನಗೆ ಜಾಸ್ತಿ. ಮುಂದಿನ ಎರಡು ಕೋಣೆಯಲ್ಲಿ ನೀವಿರಿ. ಹಳೇ ಬಾಡಿಗೇನೇ ಇರ್ಲಿ."

"ಯಾಕೆ ಮೇಡಂ?"

"ಇಂಥ ಪಕ್ಕದ ಮನೆಯವರನ್ನ ನಗರದಲ್ಲಿ ಎಲ್ಲಿ ಹುಡುಕ್ಲಿ?"

ಹೊಸ ಬೀಗ ಓಣಿಯ ಕಡೆಯ ಬಾಗಿಲಿಗೆ ಹೋಯಿತು. ನಡುಬಾಗಿಲಿಗೂ ಒಂದು ಹಾಕಲೇ ಎಂದು ಬೀಗದಕ್ಕ ಕೇಳಿದ್ದಕ್ಕೆ ಬಂದವಳು ಬೇಡವೆಂದು ತಲೆಯಾಡಿಸಿದಳು. ಅತ್ತೆ ಆಗಲೇ ಪೊರಕೆ ಹಿಡಿದು ಒಳನುಗ್ಗಿದ್ದರು. ಆ ಬಾಗಿಲಿನಾಚೆ ಏನಿದೆಯೋ ನೋಡಬೇಕೆಂದು ಹತ್ತೊಂಬತ್ತು ವರ್ಷದಿಂದ ಕಾದಿದ್ದ ಜೀವ ಅದು.

ಬೀಗದಕ್ಕ ಹಿತ್ತಾಳೆ ಬೀಗವನ್ನು ಸೆರಗಿನಲ್ಲಿ ಒರೆಸಿ, ಮಂಚದ ಕೆಳಗಿನ ಟ್ರಂಕು ಎಳೆದು, ದರ್ಜಿಯ ಬೀಗದ ಪಕ್ಕದಲ್ಲಿ ಇಟ್ಟಳು. ಯಾರೂ ಊರು ಬಿಡದೆ ಆ ಟ್ರಂಕಿಗೆ ಬಂದ ಮೊದಲ ಬೀಗ ಅದು.