ಕೂಗಣ್ಣ ‘ಹೋಗಿ ಬಾ’ ಎಂದದ್ದು

ವಲಸೆಗಾರರ ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗುವ ಜವಾನನಿಗೆ ಎಲ್ಲರೂ ಕೂಗಣ್ಣ ಎನ್ನುತ್ತಾರೆ. ಈಗೀಗ ಮನೆಯಲ್ಲಿ ಅವನ ಬಾಯಿಂದ ಮಾತೇ ಹೊರಡುವುದಿಲ್ಲ. “ಮಾತೆಲ್ಲ ಕೋರ್ಟಲ್ಲೇ ಖರ್ಚು ಮಾಡಿ ಬರ್ತೀರೇನೋ” ಎಂದು ಹೆಂಡತಿ ಛೇಡಿಸುತ್ತಾಳೆ. ಪಾಪ, ಅವಳಿಗೇನು ಗೊತ್ತು.

ಮೊದಲು ಹೀಗಿರಲಿಲ್ಲ. ಬೇರೆ ದೇಶದಿಂದ ಓಡಿಬಂದು, ಇಲ್ಲೇ ಇರಲು ಬಿಡಿ ಎಂದು ಬೇಡುತ್ತ ಬೆಂಚಿನ ಮೇಲೆ ಮುದುಡಿ ಕೂತವರನ್ನು ಕಂಡರೆ ಅವನ ಕರುಳು ಚುರುಕ್ಕೆನ್ನುತ್ತಿತ್ತು. “ನಿಮ್ಮದು ಊಟದ ಹೊತ್ತು ಕಳೆದ ಮೇಲೆ. ಹೋಗಿ ಏನಾದ್ರೂ ತಿಂದ್ಕೊಂಡು ಬನ್ನಿ” ಎನ್ನುತ್ತಿದ್ದ. ಯಾವ ಕೇಸು ಯಾವಾಗ ಬರುತ್ತದೆಂಬುದು ಅವನಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತಿತ್ತು. ಅಂದಾಜು ತಪ್ಪಿದರೂ ನ್ಯಾಯಾಧೀಶರು ಇನ್ನೊಂದು ತಾರೀಖು ಕೊಡುತ್ತಿದ್ದರು. ಜನ ಕೈಮುಗಿದು ದೇವರಂಥ ಮನುಷ್ಯ ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ, ಆ ಮಾತಿನ ರುಚಿ ಅವನಿಗೆ ಚೆನ್ನಾಗಿಯೇ ಹತ್ತಿತ್ತು.

ಅಷ್ಟರಲ್ಲಿ ಕಾನೂನು ಬದಲಾಯಿತು. ಹಳೆಯ ಕೇಸು ಮೊದಲು ಎಂಬುದು ಹೋಗಿ, ಹೊಸದಾಗಿ ಬಂದವರದು ಮೊದಲು ಎಂದಾಯಿತು. ಕೂಗಿದಾಗ ಇಲ್ಲದಿದ್ದರೆ ಅರ್ಜಿ ಅಲ್ಲೇ ವಜಾ, ದೇಶ ಬಿಡಬೇಕು. ಗುಮಾಸ್ತ ಇದನ್ನು ಬಿಡಿಸಿ ಬಿಡಿಸಿ ಹೇಳಿದ. ಕೂಗಣ್ಣ ತಲೆಯಾಡಿಸಿದ. ವಿಷಯ ತಲೆಗೆ ಹೋಯಿತು, ನಾಲಿಗೆಗೆ ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಬೆಂಚಿನ ತುದಿಯಲ್ಲೊಬ್ಬ ಹೆಂಗಸು, ತೊಡೆಯ ಮೇಲೆ ರಚ್ಚೆ ಹಿಡಿದ ಮಗು. ದೇಶಕ್ಕೆ ಬಂದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಗಂಡನನ್ನು ಕೊಂದವರು ಅವಳ ಊರಲ್ಲಿ ರಾಜಾರೋಷವಾಗಿ ಓಡಾಡಿಕೊಂಡಿದ್ದರು. ವಾಪಸು ಕಳಿಸಿದರೆ ಅವಳಿಗೂ ಅದೇ ಗತಿ.

“ಅಣ್ಣಾ, ಮಗು ಹಸ್ಕೊಂಡಿದೆ. ನಮ್ಮನ್ನ ಯಾವಾಗ ಕರೀತೀರಿ?”

“ನಿಂದು ಮಧ್ಯಾಹ್ನಕ್ಕೆ ಕಣಮ್ಮ. ಹೋಗಿ ಹಾಲು ಕುಡಿಸ್ಕೊಂಡು ಬಾ. ನಾನಿದ್ದೀನಲ್ಲ.”

ಅವಳು ಮೆಟ್ಟಿಲಿಳಿದು ಹೋದಳು. ಕೋರ್ಟು ಶುರುವಾಗಿ ಒಳಗಿನಿಂದ ಬಂದ ಮೊದಲ ಹೆಸರೇ ಅವಳದು. ಕೂಗಣ್ಣ ಬಾಗಿಲಿಂದ ಈಚೆ ಓಡಿಬಂದ. ಕಾರಿಡಾರಿನಲ್ಲಿ ಕೂಗಿದ, ಕಿಟಕಿಯಿಂದ ಬಗ್ಗಿ ಬೀದಿಗೂ ಕೂಗಿದ. ಒಳಗೆ ಹೋಗಿ “ನಾನೇ ಕಳಿಸಿದೆ ಸ್ವಾಮಿ” ಎಂದಿದ್ದರೆ ಅವಳ ಕೇಸು ಉಳಿಯುತ್ತಿತ್ತು. ಆದರೆ ಕಕ್ಷಿದಾರರ ಜೊತೆ ಮಾತಾಡಿದನೆಂದು ಪಕ್ಕದ ಕೋರ್ಟಿನ ಜವಾನನನ್ನು ಮೊನ್ನೆ ಮೊನ್ನೆ ಕೆಲಸದಿಂದ ತೆಗೆದಿದ್ದರು. “ಹಾಜರಿಲ್ಲ ಸ್ವಾಮಿ” ಎಂದ. ಅರ್ಜಿ ವಜಾ ಆಯಿತು.

ಅವಳು ಬಂದಾಗ ಮಗು ಹೊಟ್ಟೆ ತುಂಬಿ ಹೆಗಲ ಮೇಲೆ ನಿದ್ದೆ ಹೋಗಿತ್ತು. ಬಡವರ ಪರ ಪುಕ್ಕಟೆ ವಾದಿಸುವ ವಕೀಲೆ ಅವಳನ್ನು ಕೂರಿಸಿ ಆದದ್ದನ್ನು ಹೇಳಿದಳು. ಕೋರ್ಟಿನವರೇ ಯಾರಾದರೂ ಹೊರಗೆ ಕಳಿಸಿದ್ದರೆ ಮಾತ್ರ ಕೇಸು ಮತ್ತೆ ವಿಚಾರಣೆಗೆ ತೆಗೆದುಕೊಳ್ಳುತ್ತಾರೆ ಎಂದಳು.

“ಈ ಅಣ್ಣನೇ ಹೋಗಿ ಬಾ ಅಂದ್ರು” ಎಂದಳು ಹೆಂಗಸು, ಬಾಗಿಲಲ್ಲಿ ನಿಂತಿದ್ದ ಕೂಗಣ್ಣನನ್ನು ತೋರಿಸಿ. ಅವಳ ದನಿಯಲ್ಲಿ ದೂರಿರಲಿಲ್ಲ, ಭರವಸೆಯಿತ್ತು.

“ಹೌದಾ ಕೂಗಣ್ಣ?” ವಕೀಲೆ ಕೇಳಿದಳು.

“ನಾನ್ಯಾಕಮ್ಮ ಹಾಗೆ ಹೇಳ್ಲಿ? ಹೊಸ ಕಾನೂನು ನನಗೆ ಗೊತ್ತಿಲ್ವಾ?”

ಹೆಂಗಸು ಅವನನ್ನೇ ನೋಡಿದಳು. ಸಿಟ್ಟಾಗಲಿಲ್ಲ. ಇಷ್ಟು ಒಳ್ಳೆಯವನು ಸುಳ್ಳು ಹೇಳಿಯಾನೆಂದು ಅವಳಿಗೆ ತೋಚಲೇ ಇಲ್ಲ.

“ನಿಮ್ಮ ಭಾಷೆ ನನಗಿನ್ನೂ ಸರಿಯಾಗಿ ಬರಲ್ಲ. ನಾನೇ ಏನೋ ತಪ್ಪು ತಿಳ್ಕೊಂಡೆ ಅನ್ಸುತ್ತೆ. ನಿಮ್ಮ ಹೆಸರು ಎಳೆದೆ, ಕ್ಷಮಿಸಿ ಅಣ್ಣಾ.”

“ಇರ್ಲಿ ಬಿಡಮ್ಮ” ಎಂದ ಕೂಗಣ್ಣ.

ಸುಳ್ಳು ಹೇಳಿದ್ದಕ್ಕೆ ಹೊಟ್ಟೆಪಾಡು ಎಂಬ ನೆಪವಾದರೂ ಇದೆ. ಅವಳನ್ನು ತಾನು ಕ್ಷಮಿಸಿದ್ದಕ್ಕೆ ಯಾವ ನೆಪವೂ ಇಲ್ಲ. ಅದೇ ಅವನನ್ನು ಇವತ್ತಿಗೂ ಕಿತ್ತು ತಿನ್ನುತ್ತಿದೆ.