ಬೇಲಿಯ ಎರಡೂ ಬದಿ

ಚಕ್... ಚುಸ್... ಚಕ್... ಚುಸ್... ವಾನ್ನೆಸ್‌ನ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರ ಉಸಿರಾಡುವುದು ನಮ್ಮ ಓಣಿಗೆಲ್ಲ ಕೇಳುತ್ತದೆ. ಪಕ್ಕದ ಮನೆಯಲ್ಲಿರುವ ಅವನ ಅಕ್ಕ ಲೀವ ಆ ಸದ್ದಿಗೇ ಎದ್ದು, ಸೈಕಲ್ ತುಳಿದು ಲೂವನ್ ಪಟ್ಟಣದ ವಿಶ್ವವಿದ್ಯಾಲಯಕ್ಕೆ ಹೋಗುತ್ತಾಳೆ. ಅಲ್ಲಿ ಅವಳ ಕೆಲಸ ಲೋಕಗಳನ್ನು ಎಣಿಸುವುದು. ಏನೇನು ಆಗಬಹುದು, ಏನೇನು ಆಗದಿರಬಹುದು ಎಂಬ ಒಂದೊಂದು ಜೋಡಣೆಯೂ ಒಂದೊಂದು ಲೋಕ. ಅದು ನಿಜವಾಗುವ ಸಂಭವವೇ ಅದರ ತೂಕ. ನಿಯಮಗಳನ್ನೆಲ್ಲ ಒಂದೇ ಸೂತ್ರವಾಗಿ ಹೆಣೆದು, ಕೇಳಿದ ಮಾತು ನಿಜವಾಗಿರುವ ಲೋಕಗಳ ತೂಕ ಕೂಡಿಸಿದರೆ ಉತ್ತರ ಸಿಗುತ್ತದೆ.

ಆ ಸೋಮವಾರ ಯಂತ್ರ ನಡುವೆಯೇ ನಿಂತಿತು. ಹಾಲಿಗೆಂದು ಹೋದ ನಾನು ಗೇಟಿನ ಹೊರಗೇ ನಿಲ್ಲಬೇಕಾಯಿತು. ಪಶು ಇಲಾಖೆಯ ವ್ಯಾನ್ ಬಂದಿತ್ತು. ಪಕ್ಕದೂರಿಗೆ ಕಾಲುಬಾಯಿ ರೋಗ ಕಾಲಿಟ್ಟಿತ್ತು. ಇಲಾಖೆಯವರು ಬಳಸುವುದು ಲೀವಳ ಪ್ರೋಗ್ರಾಮನ್ನೇ. ವಾನ್ನೆಸ್‌ನ ಹಸುಗಳಿಗೆ ಸೋಂಕು ತಗುಲಿರುವ ಸಂಭವ ನೂರಕ್ಕೆ ನಲವತ್ತೊಂದು ಎಂದು ಅದು ಹೇಳಿತ್ತು. ಮೂವತ್ತು ದಾಟಿದರೆ ಇಡೀ ಮಂದೆಯನ್ನು ಕೊಲ್ಲಬೇಕು.

"ಬಂದಿದ್ರೆ ಆ ಸ್ತಾಫ್‌ನ ಹಸುಗಳಿಂದಾನೇ ಬಂದಿರ್ಬೇಕು!" ವಾನ್ನೆಸ್ ಬೇಲಿಯತ್ತ ಕೂಗಿದ.

"ಬೇಲಿ ಮೇಲೆ ಮೂತಿ ಇಟ್ಟು ಜೊಲ್ಲು ಸುರಿಸೋದು ನಿನ್ನ ಹಸು ಕಣಯ್ಯಾ, ಥೇಟ್ ನಿನ್ನ ಹಾಗೇ!" ಆಚೆಯಿಂದ ನೆರೆಯ ಸ್ತಾಫ್.

ಅಂಗಳದ ಬೆಂಚಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಲೀವ ತಲೆಯೆತ್ತಿದಳು. ಕಾಫಿಯಲ್ಲಿ ಅದ್ದಿದ್ದ ಬಿಸ್ಕತ್ತು ಕಳಚಿ ಲೋಟದೊಳಗೆ ಬಿತ್ತು.

"ಇನ್ನೊಂದ್ಸಲ ಹೇಳಿ, ಇಬ್ರೂ."

"ಇದೇನಕ್ಕಾ, ನಾಟಕಾನಾ?"

"ನಿಂಗೆ ಅವನಿಂದ, ಅವನಿಗೆ ನಿನ್ನಿಂದ. ಹಾಗಾದ್ರೆ ಮೊದಲು ಬಂದಿದ್ದು ಎಲ್ಲಿಂದ?"

ಕೇಳುತ್ತಲೇ ಅವಳು ಪರದೆಯ ಲೆಕ್ಕದತ್ತ ತಿರುಗಿದಳು. ಎಲ್ಲ ಲೋಕಗಳ ತೂಕ ಸೇರಿ ಸರಿಯಾಗಿ ಒಂದಾಗಬೇಕು. ಅವಳ ಪರದೆಯಲ್ಲಿ ಆ ಮೊತ್ತ ಒಂದನ್ನು ಮೀರಿತ್ತು. ಇದಕ್ಕೆ ಅದು, ಅದಕ್ಕೆ ಇದು ಕಾರಣ ಎಂಬಂಥ ಸುತ್ತು ಬಿಡಿಸುವ ಹಂತವೊಂದನ್ನು, ಬೇಗ ಉತ್ತರ ಬರಲೆಂದು, ಕಳೆದ ತಿಂಗಳು ಅವಳೇ ತೆಗೆದಿದ್ದಳು. ಹೊರಗಿನಿಂದ ರೋಗವೇ ಬಾರದೆ, ಎರಡು ಕೊಟ್ಟಿಗೆಗಳು ಒಂದಕ್ಕೊಂದು ಅಂಟಿಸಿಕೊಂಡ ಲೋಕಗಳೂ ಎಣಿಕೆಯೊಳಗೆ ನುಸುಳಿದ್ದವು.

ಆ ಹಂತವನ್ನು ಮರಳಿ ಸೇರಿಸಿದಳು. ಈಗ ನೂರಕ್ಕೆ ಹನ್ನೆರಡು.

ವಾನ್ನೆಸ್ ಟೊಪ್ಪಿ ತೆಗೆದು ಮುಖ ಒರೆಸಿಕೊಂಡ. ಇಲಾಖೆಯ ಹಿಲ್ಡ ಬಗ್ಗಿ ಪರದೆ ನೋಡಿದರು. "ಆ ಪಕ್ಕದೂರಿನ ದನದ ದಲ್ಲಾಳಿ ಲಾರಿ ಇಲ್ಲಿಗೆ ಬಂದಿಲ್ಲ ಅಂತ ನಿಮ್ಮ ತಮ್ಮ ಹೇಳಿದ್ರಲ್ಲ, ಹಾಗೇ ಹಿಡಿದಿದೀರಿ ತಾನೆ? ಸರಿ, ಆಫೀಸಿಗೆ ಫೋನ್ ಮಾಡ್ತೀನಿ," ಎಂದು ವ್ಯಾನಿನ ಬಳಿ ಹೋದರು.

ಲೀವ ತಮ್ಮನನ್ನು ನೋಡಿದಳು. ಅವನು ಬೂಟಿನ ತುದಿಯಿಂದ ಕೆಸರು ಕೆರೆಯುತ್ತಿದ್ದ.

"ಲಾರಿ ಬಂದಿತ್ತೇನೋ?"

"ಡ್ರೈವರ್ ಅಂಗಳದಲ್ಲಿ ತಿರುಗಿಸ್ಕೊಂಡ, ಅಷ್ಟೇ. ಕೆಳಗೆ ಇಳೀಲೂ ಇಲ್ಲ." ದನಿ ತಗ್ಗಿಸಿದ. "ಅದನ್ನ ಹಾಕ್ಬೇಡ ಅಕ್ಕಾ. ಯಾರಿಗೂ ಗೊತ್ತಿಲ್ಲ."

"ನಂಗೆ ಗೊತ್ತಾಯ್ತಲ್ಲ."

ಲಾರಿ ಬಂದಿದೆ ಎಂದು ಒಂದೇ ಸಾಲು ತಿದ್ದಿದಳು. ಮೂವತ್ತನಾಲ್ಕು.

ಕೊಟ್ಟಿಗೆಯಲ್ಲಿ ಹಸುಗಳು ಒಂದೊಂದಾಗಿ ಕೂಗತೊಡಗಿದವು.

"ಹೋಗು, ಹಾಲು ಕರಿ," ಎಂದಳು. "ಕೆಚ್ಚಲು ಬಿಗಿದು ಸಂಕಟ ಪಡ್ತಿವೆ."

ಅವನು ಅವಳ ಮುಖವನ್ನೇ ನೋಡಿದ. ಟೊಪ್ಪಿ ಹಾಕಿಕೊಂಡು ಒಳಗೆ ಹೋದ. ಚಕ್... ಚುಸ್... ಲೀವ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಎದ್ದಳು.

"ಹಿಲ್ಡ ಮೇಡಂ, ಫೋನ್ ಇಡ್ಬೇಡಿ, ಮೊದಲಿನ ಎಣಿಕೆ ತಪ್ಪಿತ್ತು, ಅದು ನನ್ನದೇ ತಪ್ಪು, ಆದ್ರೆ ಆ ಲಾರಿ..." ಎನ್ನುತ್ತಾ ಕೆಸರು ತುಳಿದುಕೊಂಡು, ತಿರುಗಿ ನೋಡದೆ, ವ್ಯಾನಿನ ಕಡೆಗೆ ನಡೆದಳು.