ಗೌಜಲ ಹಕ್ಕಿಯ ಕಾಲು

ನನಗೊಂದು ಕೆಟ್ಟ ಚಾಳಿಯಿದೆ. ಯಾರಾದರೂ ನನ್ನ ತಪ್ಪು ತೋರಿಸಿದರೆ, ತಪ್ಪನ್ನು ಬಿಟ್ಟು ತೋರಿಸಿದವರನ್ನು ಹಿಡಿದುಕೊಳ್ಳುತ್ತೇನೆ. ಇಪ್ಪತ್ತು ವರ್ಷ ಜೀವಶಾಸ್ತ್ರದ ಮೇಡಂ ಆಗಿದ್ದರ ಫಲವಿರಬೇಕು.

ಮೈಸೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ನನಗೊಂದು ಹಕ್ಕಿಯ ಚಿತ್ರ ಸಿಕ್ಕಿತ್ತು. ಬ್ರಿಟಿಷರ ಕಾಲದ ಯಾವುದೋ ದೊಡ್ಡ ಪುಸ್ತಕದಿಂದ ಬಿಡಿಯಾಗಿ ಬಂದ ಹಾಳೆ. ಗೆರೆ ಮಾತ್ರ ಅಚ್ಚಿನದು. ಬಣ್ಣವನ್ನು ಒಂದೊಂದು ಪ್ರತಿಗೂ ಕುಂಚ ಹಿಡಿದು ಕೈಯಲ್ಲೇ ತುಂಬಿದ್ದರು. ಗೌಜಲ ಹಕ್ಕಿ, ಎದೆಯ ಮೇಲೆ ಕೂದಲೆಳೆಯಂಥ ಅಡ್ಡಗೆರೆಗಳು. ನಂಜನಗೂಡಿನಲ್ಲಿ ದೇವರ ಪಟಕ್ಕೆ ಕಟ್ಟು ಹಾಕುವವರ ಹತ್ತಿರ ಫ್ರೇಮ್ ಹಾಕಿಸಿ, ಊಟದ ಹೊತ್ತಿಗೆ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿಗೆ ತಂದೆ. ಎಲ್ಲರೂ ಹೊಗಳಿದರು. ನಾನು ಉಬ್ಬಿಹೋದೆ.

ನಮ್ಮ ಗುಮಾಸ್ತರು ಮಾತ್ರ ಡಬ್ಬಿ ಮುಚ್ಚಿ ಎದ್ದು ಬಂದು ಹತ್ತಿರದಿಂದ ನೋಡಿದರು. ತಿ. ನರಸೀಪುರದ ಕಡೆಯವರು, ಇಸ್ತ್ರಿ ಅಂಗಿ, ಅಳೆದು ತೂಗಿ ಮಾತು. ಎಂಟು ವರ್ಷದಿಂದ ನಮ್ಮ ಜೊತೆ ಒಂದೇ ಮೇಜಿನಲ್ಲಿ ಊಟ ಮಾಡುತ್ತಿದ್ದವರು. ಚೆನ್ನಾಗಿದೆ, ಆದರೆ ಕಾಲು ಕೆಂಪಿರಬೇಕಿತ್ತು ಎಂದರು. ಚಿತ್ರದಲ್ಲಿ ಅದು ಮಾಸಲು ಹಳದಿ.

ನಾನು ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಪೊದೆಯಿಂದ ಪೊದೆಗೆ ಓಡುವ ಹಕ್ಕಿಯ ಕಾಲು ನಿಮಗೆಲ್ಲಿ ಕಂಡಿತು ಎಂದು ಕೇಳಿದೆ. ನೋಡಿದ್ದೇನೆ ಎಂದರು. ಎಲ್ಲಿ ಎಂದೆ. ಊರಲ್ಲಿ ಎಂದರು. ಎಷ್ಟು ಹತ್ತಿರದಿಂದ ಎಂದು ಮತ್ತೆ ಕೆದಕಿದೆ, ತರಗತಿಯಲ್ಲಿ ಮಕ್ಕಳನ್ನು ನಿಲ್ಲಿಸಿ ಕೇಳುವ ದನಿಯಲ್ಲಿ.

ಅವರು ಚಿತ್ರವನ್ನೇ ನೋಡುತ್ತ ಹೇಳಿದರು: "ನಮ್ಮಪ್ಪ ಉರ್ಲು ಆಕೋರು ಮೇಡಂ. ಸಿಕ್ಕುದ್ರೆ ಕಾಲ್ ಕಟ್ಬುಟ್ಟು ನನ್ ಕೈಗೆ ಕೊಡೋರು. ಅದು ಸಿಕ್ಕಿದ್ ದಿನ್ವೇ ಅಟ್ಟೀಲಿ ಸಾರು."

 ಗಣಿತದ ಮೇಷ್ಟ್ರು ರುಚಿ ಹೇಗಿರುತ್ತೆ ಎಂದು ಕೇಳಿದರು. ಒಂದಿಬ್ಬರು ನಕ್ಕರು. ನಾನೂ ನಕ್ಕೆ. ಈ ಸಾಲನ್ನು ಬರೆಯದೆ ಬಿಡೋಣವೆಂದುಕೊಂಡಿದ್ದೆ.

ಮರುದಿನದಿಂದ ಅವರು ಡಬ್ಬಿಯನ್ನು ಆಫೀಸ್ ರೂಮಿನಲ್ಲೇ ಬಿಚ್ಚತೊಡಗಿದರು.

ಪರೀಕ್ಷೆಯ ಡ್ಯೂಟಿಗೆ ನನ್ನನ್ನು ತಿ. ನರಸೀಪುರಕ್ಕೆ ಹಾಕಿದ್ದರು. ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗುವಾಗ, ಹುರುಳಿ ಕಿತ್ತ ಹೊಲದಿಂದ ಎರಡು ಗೌಜಲು ಇಳಿದು ನನ್ನ ಮುಂದೆಯೇ ರಸ್ತೆ ದಾಟಿದವು. ಕಾಲು ಕೆಂಪಗಿತ್ತು. ಹಡಗಿನಲ್ಲಿ ಇಂಗ್ಲೆಂಡಿಗೆ ಬಂದ ಹಕ್ಕಿಗಳ ಒಣ ಚರ್ಮಗಳನ್ನು ಮುಂದಿಟ್ಟುಕೊಂಡು ಆಗ ಬಣ್ಣ ತುಂಬುತ್ತಿದ್ದರೆಂದು ಆಮೇಲೆ ಓದಿ ತಿಳಿದುಕೊಂಡೆ. ಸತ್ತ ಹಕ್ಕಿಯ ಗರಿ ಬಣ್ಣ ಉಳಿಸಿಕೊಳ್ಳುತ್ತದೆ, ಕಾಲು ಉಳಿಸಿಕೊಳ್ಳುವುದಿಲ್ಲ. ನಾನು ಅಲ್ಲಿಯವರೆಗೆ ಒಂದು ಗೌಜಲನ್ನೂ ನೆಟ್ಟಗೆ ನೋಡಿರಲಿಲ್ಲ.

ಮುಂದಿನ ವಾರ ಚಿತ್ರವನ್ನು ನಮ್ಮ ಮನೆಯ ಗೋಡೆಯಿಂದ ಇಳಿಸಿಕೊಂಡು ಆಫೀಸ್ ರೂಮಿಗೆ ಹೋದೆ. ನೀವು ಹೇಳಿದ್ದೇ ಸರಿ, ಇದು ನಿಮ್ಮ ಮನೆಯಲ್ಲಿರಲಿ ಎಂದೆ. ಕ್ಷಮೆ ಕೇಳುವುದಕ್ಕಿಂತ ಉಡುಗೊರೆ ಕೊಡುವುದು ಸುಲಭವಾಗಿ ಕಂಡಿತ್ತು. ಅವರು ಮರ್ಯಾದೆಗೆ ಎದ್ದು ನಿಂತರು, ಕೈ ಚಾಚಲಿಲ್ಲ.

"ಬ್ಯಾಡಿ ಮೇಡಂ. ಇದ್ಯಾಕ್ ತಂದ್ರಿ ಅಂತ ಮಕ್ಳು ಕೇಳ್ತವೆ. ಅವ್ಕೆ ನಾನು ಅದ್ನೆಲ್ಲ ಏಳಿಲ್ಲ."

ಹೆತ್ತ ಮಕ್ಕಳಿಗೂ ಹೇಳದೆ ಇಟ್ಟುಕೊಂಡಿದ್ದ ಮಾತನ್ನು ನಾನು ಅಷ್ಟು ಜನರೆದುರು, ನನ್ನ ಹಟ ಗೆಲ್ಲಲೆಂದು, ಅವರ ಬಾಯಿಂದ ಹೇಳಿಸಿದ್ದೆ.